ಓದಿನ ಹಕ್ಕು, ಹಾಸ್ಟೆಲಿನ ಅನ್ನ

ಶಾಲೆ ಕಟ್ಟಿದರೆ ನಾಡು ಬೆಳೆಯುತ್ತದೆ, ನಾಡು ಬೆಳೆದರೆ ಮೇಲುಕೀಳು ತಾನಾಗಿ ಅಳಿಯುತ್ತದೆ ಎಂದು ನಾವು ನಂಬಿದ್ದೇವೆ. ಮೊದಲ ಮಾತು ನಿಜ. ಎರಡನೆಯದು ತಾನಾಗಿ ಆಗುವಂಥದ್ದಲ್ಲ ಎಂಬುದಕ್ಕೆ ಮೈಸೂರು ಸಂಸ್ಥಾನವೇ ಸಾಕ್ಷಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ಮುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಮೈಸೂರು ಬ್ಯಾಂಕು, ಅದೇ ವರ್ಷ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು, 1916ರಲ್ಲಿ ವಿಶ್ವವಿದ್ಯಾನಿಲಯ ಬಂದವು. ಲೆಕ್ಕಿಗರು, ಗುಮಾಸ್ತರು, ಎಂಜಿನಿಯರುಗಳು ಬೇಕಾದರು. ಆ ಕೆಲಸಗಳು ಆಗಲೇ ಅಕ್ಷರ ಬಲ್ಲ ಮನೆಗಳಿಗೆ, ಮುಖ್ಯವಾಗಿ ಬ್ರಾಹ್ಮಣ ಕುಟುಂಬಗಳಿಗೆ ಹೋದವು. ಹೈಸ್ಕೂಲು ಇದ್ದದ್ದು ಪಟ್ಟಣದಲ್ಲಿ. ರೈತನ ಮಗನಿಗೆ ಅಲ್ಲಿ ಉಳಿಯಲು ನೆಲೆಯಿಲ್ಲ, ಅಸ್ಪೃಶ್ಯರೆನಿಸಿಕೊಂಡವರ ಮಗುವಿಗಂತೂ ಶಾಲೆಯ ಹೊಸ್ತಿಲು ದಾಟುವುದೇ ಹೋರಾಟ.

1918ರಲ್ಲಿ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿ, ಏಳು ವರ್ಷದೊಳಗೆ ಮೇಲ್ದರ್ಜೆ ಹುದ್ದೆಗಳಲ್ಲಿ ಅರ್ಧ, ಕೆಳದರ್ಜೆಯಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕೆಂದಿತು. ವಿದ್ಯಾರ್ಥಿವೇತನ, ಹಾಸ್ಟೆಲುಗಳನ್ನೂ ಕೇಳಿತು. ವಿಶ್ವೇಶ್ವರಯ್ಯನವರು ಹುದ್ದೆ ಮೀಸಲಿಡುವುದನ್ನು ಒಪ್ಪಲಿಲ್ಲ. ಅರ್ಹತೆಯನ್ನು ಕಡೆಗಣಿಸಿದರೆ ಆಡಳಿತ ಸೊರಗುತ್ತದೆ ಎಂಬ ಆತಂಕ ಅವರದು. ನಾಡಿಗಾಗಿ ಅಷ್ಟು ದುಡಿದವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಪರೀಕ್ಷೆಯ ಅಂಕಗಳಲ್ಲಿ ಹುಡುಗನ ಬುದ್ಧಿಯ ಜೊತೆಗೆ ಅವನ ಅಪ್ಪ, ಅಜ್ಜಂದಿರ ಓದೂ ಸೇರಿರುತ್ತದೆ. ದಕ್ಷ ಅಧಿಕಾರಿಗೆ ಪದವಿಯಷ್ಟೇ ಸಾಲದು, ಜನರ ಬಗ್ಗೆ ಸಹಾನುಭೂತಿ, ಪ್ರಾಮಾಣಿಕತೆ, ವ್ಯವಹಾರಜ್ಞಾನವೂ ಬೇಕು ಎಂದು ಸಮಿತಿ ಹೇಳಿದ್ದು ಸರಿಯಾಗಿಯೇ ಇತ್ತು. ಬಹುಪಾಲು ಜನರನ್ನು ಹೊರಗೆ ನಿಲ್ಲಿಸಿ ಆರಿಸಿದ ಪ್ರತಿಭೆಯನ್ನು ಇಡೀ ನಾಡಿನ ಪ್ರತಿಭೆ ಎನ್ನುವುದು ಹೇಗೆ? ಹಾಗೆ ಕಳೆದುಕೊಂಡ ಬುದ್ಧಿಶಕ್ತಿ ಆರ್ಥಿಕ ನಷ್ಟವೂ ಹೌದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಮುಂದೆ ಜಾರಿಗೆ ಬಂದ ಈ ಸೌಲಭ್ಯಗಳ ಹೆಚ್ಚಿನ ಪಾಲು ಭೂಮಿಯಿದ್ದ, ಸಂಘಟಿತ ಜಾತಿಗಳಿಗೇ ದಕ್ಕಿತಲ್ಲ? ಹೌದು, ದಕ್ಕಿತು. 1906ರಲ್ಲೇ ಒಕ್ಕಲಿಗರ ಸಂಘ ಹುಟ್ಟಿತ್ತು. ಲಿಂಗಾಯತ ಮಠಗಳು ಅನ್ನ, ವಸತಿ ಕೊಟ್ಟು ಓದಿಸುತ್ತಿದ್ದವು. ಅಂಥ ಆಸರೆಯಿಲ್ಲದ ಸಣ್ಣ ಜಾತಿಗಳು, ದಲಿತರು ಹಿಂದೆಯೇ ಉಳಿದರು. ಆದರೆ ಇದರಿಂದ ಸಿದ್ಧವಾಗುವುದು ಸೌಲಭ್ಯ ತಪ್ಪೆಂದಲ್ಲ. ಅದು ತಳದವರೆಗೆ ಇಳಿಯಲಿಲ್ಲ ಎಂದು. ಆ ಕಾರಣಕ್ಕೇ ಮುಖ್ಯಮಂತ್ರಿ ದೇವರಾಜ ಅರಸರ ಕಾಲದ ಹಾವನೂರು ಆಯೋಗ 1975ರ ವರದಿಯಲ್ಲಿ ಹಿಂದುಳಿದವರನ್ನು ಒಂದೇ ರಾಶಿಯಾಗಿಸದೆ ಮೂರು ಗುಂಪುಗಳಾಗಿ ವಿಂಗಡಿಸಿತು. ಆದರೆ ವಿಂಗಡಣೆಯಷ್ಟೇ ಸಾಲದು: ಹಳ್ಳಿಯ ಮಗುವಿಗೆ ಸೀಟು ಸಿಕ್ಕರೂ ಊಟ, ಕೋಣೆ ಇಲ್ಲದಿದ್ದರೆ ಓದು ನಡುವೆಯೇ ನಿಲ್ಲುತ್ತದೆ. ಹಾಸ್ಟೆಲಿಗೆ ಸುರಿಯುವ ಹಣವನ್ನು ಸರ್ಕಾರಗಳು ದಾನವೆಂದು ಬರೆದುಕೊಳ್ಳುವುದನ್ನು ಬಿಡಬೇಕು. ರಸ್ತೆ, ವಿದ್ಯುತ್ತಿನಂತೆ ಅದೂ ನಾಡಿನ ಬಂಡವಾಳ.