ಊಟವನ್ನು ಬಲ್ಲವರಾಗಬೇಕು



‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಆದರೆ ಊಟವನ್ನು ಬಲ್ಲೆವೇ ಎಂದು ನಮ್ಮನ್ನು ನಾವು ಕೇಳಿಕೊಳ್ಳಬೇಕಾಗಿದೆ. ನಾಲಗೆಗೆ ರುಚಿ ಗೊತ್ತು, ಹೊಟ್ಟೆಗೆ ಹಸಿವು ಗೊತ್ತು. ಎಷ್ಟು ಉಣ್ಣಬೇಕು, ಯಾವ ಕಾಲದಲ್ಲಿ ಏನನ್ನು ಉಣ್ಣಬೇಕು ಎಂಬುದನ್ನು ಮಾತ್ರ ವಿವೇಕವೇ ಹೇಳಬೇಕು. ಚರಕ ಸಂಹಿತೆಯ ಸೂತ್ರಸ್ಥಾನದ 5ನೆಯ ಅಧ್ಯಾಯವು ಆಹಾರದ ಪ್ರಮಾಣವನ್ನು ಹೇಳುತ್ತ ಆರಂಭವಾಗುತ್ತದೆ. ಋತುಗಳ ವಿಚಾರ ಬರುವುದು 6ನೆಯ ಅಧ್ಯಾಯದಲ್ಲಿ. ಮೊದಲು ಮಿತಿ, ಆಮೇಲೆ ಋತು. ಈ ಕ್ರಮವನ್ನು ಮರೆಯಬಾರದು.

ನಮ್ಮ ಹಿರಿಯರಲ್ಲಿ ಆ ಗ್ರಂಥವನ್ನು ಓದಿದವರು ಕಡಿಮೆ. ಆದರೂ ಅವರ ಅಡುಗೆ ಮನೆಗೆ ಋತು ತಿಳಿದಿತ್ತು. ಚಳಿಗಾಲದಲ್ಲಿ ಜಠರಾಗ್ನಿ ಬಲವಾಗಿರುತ್ತದೆ ಎನ್ನುತ್ತದೆ ಆಯುರ್ವೇದ. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಯ ಶೇಂಗಾ ಹೋಳಿಗೆ, ಭೋಗಿಯ ದಿನದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹೊಲದ ಬೆಂಕಿಯಲ್ಲಿ ಸುಟ್ಟ ಎಳೆಜೋಳದ ಸೀತನಿ, ಎಲ್ಲವೂ ಆ ಕಾಲದವೇ. ಬೇಸಿಗೆ ಬಂತೆಂದರೆ ಅಂಬಲಿ, ನೀರುಮಜ್ಜಿಗೆ, ಸವತೆಕಾಯಿ. ಮಳೆಗಾಲದಲ್ಲಿ ಅಗ್ನಿ ಮಂದವಾಗುತ್ತದೆ. ಆಗ ಹೆಸರುಬೇಳೆಯಂತಹ ಹಗುರವಾದ ಬಿಸಿ ಅಡುಗೆ, ಕಾಸಿ ಆರಿಸಿದ ನೀರು. ಶ್ರಾವಣ ಸೋಮವಾರದ ಒಪ್ಪತ್ತು ಹೊಟ್ಟೆಗೂ ವಿಶ್ರಾಂತಿ ಕೊಡುತ್ತಿತ್ತು. ಈಗ ಕೆಲವರು ಉಪವಾಸದ ಹೆಸರಿನಲ್ಲಿ ಸಾಬೂದಾನಿ ವಡೆಯನ್ನು ಊಟಕ್ಕಿಂತ ಹೆಚ್ಚಾಗಿಯೇ ತಿನ್ನುತ್ತಾರೆ!

ಬಿನ್ನಹಕ್ಕೆ ಹೋದ ಮನೆಗಳಲ್ಲಿ ನಾವು ಒಂದು ಸಂಗತಿಯನ್ನು ಮತ್ತೆ ಮತ್ತೆ ಕಾಣುತ್ತೇವೆ. ಯಜಮಾನರಿಗೆ ಸಕ್ಕರೆ ಕಾಯಿಲೆ. ಮಾತ್ರೆಯ ಡಬ್ಬಿ ಕಣ್ಣೆದುರಿಗೇ ಇರುತ್ತದೆ. ಆದರೂ ಸ್ವಾಮಿಗಳು ಬಂದಿದ್ದಾರೆಂದು ಹೋಳಿಗೆ, ಅದರ ಮೇಲೆ ತುಪ್ಪ. ‘ಇವತ್ತೊಂದು ದಿನ, ಬುದ್ಧಿ’ ಎನ್ನುತ್ತಾರೆ. ನಾಳೆ ಮದುವೆ, ನಾಡಿದ್ದು ಗೃಹಪ್ರವೇಶ, ಆಚೆ ವಾರ ಜಾತ್ರೆ. ಒಂದೊಂದು ದಿನ ಕೂಡಿಯೇ ವರ್ಷವಾಗುತ್ತದೆ. ಹಿಂದೆ ಹೋಳಿಗೆ ಉಂಡವರು ಮರುದಿನ ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದರು, ತಾಯಂದಿರು ಬೀಸುಕಲ್ಲಿನ ಮುಂದೆ ಕೂಡುತ್ತಿದ್ದರು. ಈಗ ಆ ದುಡಿಮೆಯನ್ನು ಟ್ರ್ಯಾಕ್ಟರೂ ಗಿರಣಿಯೂ ಮಾಡುತ್ತವೆ. ದುಡಿಮೆ ಇಳಿದರೂ ತಟ್ಟೆ ಇಳಿಯಲಿಲ್ಲ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಕಣ್ಣು, ಮೂತ್ರಪಿಂಡ, ಕಾಲುಗಳನ್ನು ಕೆಡಿಸುತ್ತದೆ. ದುಡಿಯುವವನು ಹಾಸಿಗೆ ಹಿಡಿದರೆ ಕಾಯಕ ನಿಂತಿತು. ಕಾಯಕ ನಿಂತ ಮನೆಯಲ್ಲಿ ದಾಸೋಹ ಹೇಗೆ ನಡೆದೀತು?

ಹಾಗಾದರೆ ಏನು ಮಾಡಬೇಕು? ಹಳೆಯ ಅಭ್ಯಾಸವನ್ನು ಒಮ್ಮೆಲೇ ಕಿತ್ತೆಸೆಯಬೇಡಿ, ಕಾಲು ಭಾಗದಂತೆ ಕ್ರಮವಾಗಿ ಬಿಡಿ ಎಂದು ಚರಕರ ಉಪದೇಶವಿದೆ. ಚಹಕ್ಕೆ ಎರಡು ಚಮಚ ಸಕ್ಕರೆ ಹಾಕುವವರು ಈ ವಾರ ಒಂದೂವರೆ ಹಾಕಲಿ, ಕೆಲವು ದಿನಗಳ ಮೇಲೆ ಒಂದು. ನಾಲಗೆ ತಾನೇ ಒಗ್ಗಿಕೊಳ್ಳುತ್ತದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಒಂದು ಸಣ್ಣ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಈ ಲೆಕ್ಕದೊಳಗೇ ಬರಬೇಕು. ಊಟದ ಮೇಲೆ ಕೂಡಲೇ ಮಲಗದೆ ಸ್ವಲ್ಪ ಹೊತ್ತು ನಡೆಯಿರಿ. ತಟ್ಟೆಯಲ್ಲಿ ಕಾಳುಪಲ್ಯೆ, ಸೊಪ್ಪು ಹೆಚ್ಚಲಿ, ಅನ್ನ ಇಳಿಯಲಿ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಜೋಳ, ನವಣೆಗಳ ಹೆಸರು ಪಟ್ಟಣದಲ್ಲಿಯೂ ಕೇಳಿಬರುತ್ತಿದೆ. ಸಂತೋಷ. ಆದರೆ ಜೋಳದ ರೊಟ್ಟಿಯೆಂದು ಲೆಕ್ಕವಿಲ್ಲದೆ ಉಣ್ಣಲಾಗದು. ಮಿತಿ ಅದಕ್ಕೂ ಉಂಟು. ಪಥ್ಯ ಆರಂಭಿಸಿದೆವೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬಾರದು, ಅವರನ್ನು ಕೇಳಿಯೇ ಮುಂದುವರಿಯಬೇಕು.

ತಾಯಂದಿರಲ್ಲಿ ನಮ್ಮದೊಂದು ಮಾತು. ‘ಸಾಕು’ ಎಂದು ಕೈ ಅಡ್ಡ ಹಿಡಿದವನ ತಟ್ಟೆಗೆ ಮತ್ತೆ ನೀಡುವುದು ಪ್ರೀತಿಯೆಂದು ನೀವು ತಿಳಿದಿದ್ದೀರಿ. ಅವನ ದೇಹಕ್ಕೆ ಅದು ಹೊರೆ. ಎಲೆಯಲ್ಲಿ ಉಳಿದರೆ ಪ್ರಸಾದಕ್ಕೆ ಅಪಚಾರ. ಮುಂದಿನ ಬಿನ್ನಹಕ್ಕೆ ಆ ಕಾಲದಲ್ಲಿ ನಿಮ್ಮ ಹೊಲದಲ್ಲಿ ಬೆಳೆದದ್ದರ ಪಲ್ಯೆ, ಒಂದು ರೊಟ್ಟಿ, ಮಜ್ಜಿಗೆ ಇರಲಿ. ನಮಗೆ ಅಷ್ಟೇ ಸಾಕು, ಮನೆಯವರಿಗೂ ಅದೇ ಅಡುಗೆ ಹಿತ.

ನಿಮ್ಮೆಲ್ಲರ ದೇಹ ದೃಢವಾಗಿರಲಿ, ಕಾಯಕ ನಡೆಯುತ್ತಿರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.