ಹಲ್ಲು ಕಚ್ಚಿ ದುಡಿಯುವವರಿಗೆ ಎರಡು ಮಾತು



ಮೊದಲು ಒಂದು ಚಿಕ್ಕ ಪರೀಕ್ಷೆ. ಕೂತ ಹಾಗೇ ಇರಿ. ನಿಮ್ಮ ಮೇಲಿನ ಹಲ್ಲು, ಕೆಳಗಿನ ಹಲ್ಲು ಈಗ ಒಂದಕ್ಕೊಂದು ಒತ್ತಿಕೊಂಡಿವೆಯಾ? ಭುಜ ಕಿವಿ ಕಡೆಗೆ ಏರಿದೆಯಾ? ಹಾಗಿದ್ದರೆ ಗಾಬರಿ ಬೇಡ, ಗಮನಿಸಿ ಸಾಕು. ಸುಮ್ಮನಿರುವಾಗ ತುಟಿ ಸೇರಿರಬೇಕು, ಹಲ್ಲುಗಳ ನಡುವೆ ಸ್ವಲ್ಪ ಜಾಗ ಇರಬೇಕು. ಹಲ್ಲಿಗೆ ಹಲ್ಲು ತಾಗಬೇಕಾದದ್ದು ಅಗಿಯುವಾಗ, ನುಂಗುವಾಗ ಅಷ್ಟೇ.

ನನಗೆ ಇದನ್ನು ಹೇಳಿಕೊಟ್ಟವರು ಹಲ್ಲಿನ ಡಾಕ್ಟರು. ಆಗ ಬ್ರಾಂಪ್ಟನ್‌ನ ಒಂದು ಗೋದಾಮಿನಲ್ಲಿ ನನ್ನ ನೈಟ್ ಶಿಫ್ಟ್. ಗಂಟೆಗೆ ಇಷ್ಟು ಬಾಕ್ಸ್ ಅಂತ ಲೆಕ್ಕ. ಕೈಯಲ್ಲಿದ್ದ ಸ್ಕ್ಯಾನರ್ ಎಲ್ಲವನ್ನೂ ಎಣಿಸುತ್ತಿತ್ತು. ಎದ್ದ ಕೂಡಲೇ ತಲೆಭಾರ, ದವಡೆ ಬಿಗಿ. ಡಾಕ್ಟರು ಬಾಯಿ ನೋಡಿ, ಹಲ್ಲಿನ ತುದಿ ಸವೆದು ಚಪ್ಪಟೆಯಾಗಿದೆ ಅಂದರು. ಮುಂದೆ ಕೇಳಿದ್ದು "ಕೆಲಸ ಹೇಗಿದೆ?" ಅಂತ. ಊರಿಂದ ಅಮ್ಮ ಫೋನಿನಲ್ಲಿ ಕೇಳಿದರೆ ನಾನು "ಆರಾಮ್" ಅಂತಿದ್ದೆ. ದವಡೆ ಬೇರೇನೋ ಹೇಳುತ್ತಿತ್ತು.

ಒತ್ತಡದ ಬಗ್ಗೆ ಜಗತ್ತಿಗೆ ತಿಳಿಸಿದವರಲ್ಲಿ ಮುಖ್ಯರಾದ ಹಾನ್ಸ್ ಸೆಲ್ಯೆ ಕೂಡ ನಮ್ಮ ಹಾಗೆ ಕೆನಡಾಕ್ಕೆ ವಲಸೆ ಬಂದವರೇ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿದ್ದಾಗ, 1936ರಲ್ಲಿ, 'ನೇಚರ್' ಪತ್ರಿಕೆಗೆ ಅವರು ಒಂದು ಚಿಕ್ಕ ಬರಹ ಕೊಟ್ಟರು. ಇಲಿಗಳಿಗೆ ಚಳಿ ತಾಗಲಿ, ಗಾಯವಾಗಲಿ, ಅತಿಯಾದ ಶ್ರಮವಾಗಲಿ, ದೇಹ ಒಂದೇ ರೀತಿ ಪ್ರತಿಕ್ರಿಯಿಸುತ್ತದೆ ಎಂಬುದು ಅದರ ಸಾರ.

ನಮ್ಮ ಭಾಷೆಗೂ ಇದು ಗೊತ್ತಿತ್ತು. ಹಲ್ಲು ಕಚ್ಚಿ ಸಹಿಸಿದ, ಉಸಿರು ಬಿಗಿಹಿಡಿದ, ಹುಬ್ಬು ಗಂಟಿಕ್ಕಿದ ಅಂತೀವಿ. ಆದರೆ ವಲಸೆ ಬಂದ ನಮಗೆ ಹಲ್ಲು ಕಚ್ಚುವುದೇ ಹೆಮ್ಮೆ. ಒಬ್ಬನೇ ಮಾಲೀಕನಿಗೆ ಕಟ್ಟುಬಿದ್ದ ವರ್ಕ್ ಪರ್ಮಿಟ್‌ನವರು, ಪಿ.ಆರ್. ಕಾಯುತ್ತಿರುವವರು ಬಾಯಿ ಬಿಡಲು ಹೆದರುತ್ತಾರೆ. ಬಾಯಲ್ಲಿ ಬರದ ಮಾತು ದವಡೆಗೆ ಇಳಿಯುತ್ತದೆ.

ಹಾಗಂತ ಎಲ್ಲದಕ್ಕೂ ಕೆಲಸವೇ ಕಾರಣ ಅಲ್ಲ. ಅತಿಯಾದ ಕಾಫಿ, ಸಿಗರೇಟು, ಕೆಲವು ಮಾತ್ರೆಗಳಿಂದಲೂ ಹಲ್ಲು ಕಡಿಯುವುದುಂಟು. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು ಇದ್ದರೆ ಡಾಕ್ಟರಿಗೆ ತೋರಿಸಿ. ಎರಡು ವಾರ ಕ್ಯಾಲೆಂಡರಿನಲ್ಲಿ ಗುರುತು ಹಾಕಿ: ಶಿಫ್ಟ್ ದಿನ ಬಿಗಿತ, ರಜಾ ದಿನ ಇಲ್ಲ ಅಂತಾದರೆ ಸುಳಿವು ಸಿಕ್ಕಿತು. ರಾತ್ರಿ ಹಾಕುವ ಗಾರ್ಡ್ ಹಲ್ಲನ್ನು ಕಾಯುತ್ತದೆ, ಕಾರಣವನ್ನು ತೆಗೆಯುವುದಿಲ್ಲ. ಮಾಮೂಲಿ ಹಲ್ಲಿನ ಖರ್ಚು ಓಹಿಪ್‌ಗೆ ಸೇರುವುದಿಲ್ಲ ಅನ್ನೋದೂ ನೆನಪಿರಲಿ.

ಕೆಂಪು ದೀಪಕ್ಕೆ ಗಾಡಿ ನಿಂತಾಗಲೆಲ್ಲ ದವಡೆ ಸಡಿಲ ಬಿಡಿ, ನಿಧಾನಕ್ಕೆ ಉಸಿರು ಬಿಡಿ. ಊಟದ ಬಿಡುವನ್ನು ಬಿಟ್ಟುಕೊಡಬೇಡಿ. ಸತತ 5 ಗಂಟೆ ಮೀರುವ ಮೊದಲು 30 ನಿಮಿಷ ಬಿಡುವು ಕೊಡಬೇಕೆನ್ನುವುದು ಒಂಟಾರಿಯೊ ಕಾನೂನು. ಬಹುತೇಕ ಕೆಲಸಗಾರರಿಗೆ ಅದು ಅನ್ವಯಿಸುತ್ತದೆ. ಆರೋಗ್ಯದ ಸಲಹೆ ಬೇಕಾದರೆ 811ಕ್ಕೆ ಫೋನ್ ಮಾಡಿ, ನರ್ಸ್ ಸಿಗುತ್ತಾರೆ, ದುಡ್ಡಿಲ್ಲ. ಬದುಕೇ ಬೇಡ ಅನ್ನಿಸಿದರೆ 988, ಹಗಲು ರಾತ್ರಿ ಯಾವಾಗಲಾದರೂ.

ಈಗ ಊಟಕ್ಕೆ ಕೂತಾಗ ಪಕ್ಕದವರನ್ನು "ಹೇಗಿದ್ದೀರಾ?" ಅಂತ ಕೇಳಿ. "ಆರಾಮ್" ಅಂದರೆ ಮುಖ ನೋಡಿ ಇನ್ನೊಂದು ಸಲ ಕೇಳಿ. ಇಲ್ಲಿ ಕನ್ನಡದಲ್ಲಿ ಹಾಗೆ ಕೇಳುವವರು ನಾವು ನಾವೇ.