ಹಳೆಯ ಒಡವೆಯ ರಿಪೇರಿ: ರಸೀದಿ ಯಾರ ಹೆಸರಿನಲ್ಲಿ?

(ಬೈರಕೂರಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳು)



ಒಡವೆಯ ಬಗ್ಗೆ ಮಾತಾಡುತ್ತೇನೆ ಅಂದಾಗ ಕೆಲವರು ನಕ್ಕಿರಿ. ವರದಕ್ಷಿಣೆ ಬೇಡ ಅನ್ನುವವಳಿಗೆ ಚಿನ್ನದ ಚಿಂತೆ ಯಾಕೆ ಅಂತ. ವರದಕ್ಷಿಣೆ ಬೇರೆ, ಸ್ತ್ರೀಧನ ಬೇರೆ. ಗಂಡಿನ ಕಡೆಯವರು ಕೇಳಿ ಪಡೆಯುವುದು 1961ರ ಕಾಯಿದೆಯಡಿ ಅಪರಾಧ. ತಾಯಿ, ಅಜ್ಜಿ ನಿಮಗೆಂದು ಪ್ರೀತಿಯಿಂದ ಕೊಟ್ಟದ್ದು ನಿಮ್ಮದೇ ಆಸ್ತಿ. 1985ರಲ್ಲಿ ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಅತ್ತೆಯ ಬೀರುವಿನಲ್ಲಿದ್ದರೂ ಅದು ನಂಬಿ ಇಟ್ಟ ಒಡವೆ. ಕೇಳಿದಾಗ ಕೊಡದಿದ್ದರೆ ನಂಬಿಕೆದ್ರೋಹದ ಕೇಸು ಹಾಕಬಹುದು.

ಕಾನೂನು ಹೀಗಿದ್ದರೂ ಒಡವೆ ಕೈತಪ್ಪುವುದು ಎಲ್ಲಿ? ನಾನು ಕಂಡಂತೆ, ಎಷ್ಟೋ ಸಲ ರಿಪೇರಿಯಲ್ಲಿ. ಸರದ ಕೊಂಡಿ ಕಿತ್ತುಹೋಗುತ್ತದೆ. "ಕೊಡು, ಮುಳಬಾಗಿಲಿಗೆ ಹೊರಟಿದ್ದೀನಿ, ಬೆಸುಗೆ ಹಾಕಿಸಿಕೊಂಡು ಬರ್ತೀನಿ" ಅಂತಾನೆ ಗಂಡ. ಅಜ್ಜಿಯ ಗುಂಡಿನ ಸರ ಹೋಗಿ ಹೊಸ ಚೈನು ಬರುತ್ತದೆ, ಇಲ್ಲವೇ ಗಿರವಿ ಚೀಟಿ ಬರುತ್ತದೆ. ರಸೀದಿ ಅವನ ಹೆಸರಿನಲ್ಲಿ. ನಾಳೆ ಹೊಡೆತ ತಾಳದೆ ನೀವು ಮನೆ ಬಿಟ್ಟು ಬಂದರೆ, ಚೈನು ನಮ್ಮ ದುಡ್ಡಿನದು ಅನ್ನಲು ಅವರ ಬಳಿ ಕಾಗದ ಇರುತ್ತದೆ. ನಿಮ್ಮ ಬಳಿ ಮದುವೆಯ ಫೋಟೋ ಇರುತ್ತದೆ, ಅದರಲ್ಲಿರುವ ಸರ ಇರುವುದಿಲ್ಲ.

ಆದ್ದರಿಂದ ಅಂಗಡಿಗೆ ನೀವೇ ಹೋಗಿ, ಇಬ್ಬರು ಮೂವರು ಜೊತೆಯಾಗಿ. ಕೊಡುವ ಮೊದಲು ಫೋಟೋ ತೆಗೆಯಿರಿ. ತೂಕ ಹಾಕಿಸಿ, ಕಲ್ಲಿನ ತೂಕ ಬೇರೆ, ಚಿನ್ನದ್ದು ಬೇರೆ ಬರೆಸಿ. ಹಳೆಯ ಟೊಳ್ಳು ಗುಂಡುಗಳೊಳಗೆ ಅರಗು ತುಂಬಿರುತ್ತದೆ. ಬೆಂಕಿಗೆ ಹಿಡಿದರೆ ಅರಗು ಕರಗಿ ತೂಕ ಇಳಿಯುತ್ತದೆ. ಇದು ಗೊತ್ತಿಲ್ಲದೆ ಪ್ರಾಮಾಣಿಕ ಅಕ್ಕಸಾಲಿಗನನ್ನು ಕಳ್ಳ ಅನ್ನಬೇಡಿ, ಗೊತ್ತಿಲ್ಲದೆ ಕಳ್ಳನನ್ನು ನಂಬಲೂ ಬೇಡಿ. ಮುತ್ತು ಶಾಖಕ್ಕೆ ಕೆಡುತ್ತದೆ, ಬಿಚ್ಚಿಸಿ ಕೊಡಿ. ಹಿಂಬದಿ ಮುಚ್ಚಿದ ಕೆಂಪಿನ ಓಲೆಗೆ ಕಲ್ಲಿನ ಕೆಳಗೆ ತೆಳು ಹಾಳೆ ಇಟ್ಟಿರುತ್ತಾರೆ. ನೀರು ಇಳಿದರೆ ಹಾಳೆ ಕಪ್ಪಾಗಿ ಕಲ್ಲು ಮಂಕಾಗುತ್ತದೆ. ಸೀಗೆಪುಡಿ ನೀರಲ್ಲಿ ನೆನೆಹಾಕುವ ಅಭ್ಯಾಸ ಅದಕ್ಕೆ ಸಲ್ಲದು. ಕ್ಯಾಡ್ಮಿಯಂ ಬೆಸುಗೆ ಬೇಡ ಅನ್ನಿ, ಅದರ ಹೊಗೆ ಕೆಲಸಗಾರನ ಶ್ವಾಸಕೋಶಕ್ಕೆ ವಿಷ.

"ಹಳೇದು, ಹಾಲ್‌ಮಾರ್ಕ್ ಇಲ್ಲ, ಕರಗಿಸಿಬಿಡಿ" ಎಂದರೆ ಆತುರಪಡಬೇಡಿ. 2021ರಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕ್ ಅಂಗಡಿಯವನು ಮಾರುವ ಒಡವೆಗೆ. ಮನೆಯಲ್ಲಿಟ್ಟುಕೊಳ್ಳುವ ಹಳೆಯ ಒಡವೆಗೆ ಅಲ್ಲ. ಶುದ್ಧತೆ ತಿಳಿಯಬೇಕಾದರೆ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರಗಳಿವೆ. 2023ರಲ್ಲಿ ಸರ್ಕಾರ ಹೇಳಿದ ದರ ನಾಲ್ಕು ಒಡವೆಗಳವರೆಗೆ 200 ರೂಪಾಯಿ. ಕರಗಿಸಲೇಬೇಕಾಗಿ ಬಂದರೆ ನಿಮ್ಮ ಎದುರಿಗೇ ಕರಗಿಸಲಿ. ಹೊಸ ಬಿಲ್ಲು ನಿಮ್ಮ ಹೆಸರಿನಲ್ಲಿರಲಿ, ಹಳೆಯ ಯಾವ ಒಡವೆಯ ಚಿನ್ನ ಅನ್ನುವುದೂ ಅದರಲ್ಲಿ ಬರಲಿ.

ಚಿನ್ನದ ಗಣಿಯಿಂದ ಹೆಸರಾದ ಜಿಲ್ಲೆ ನಮ್ಮದು. ಕೆ.ಜಿ.ಎಫ್. ಗಣಿ 2001ರಲ್ಲಿ ಮುಚ್ಚಿತು. ನಮ್ಮ ಹೆಣ್ಣುಮಕ್ಕಳ ಹೆಸರಿನಲ್ಲಿ ಆಗಲೂ ಬಿಲ್ಲು ಇರಲಿಲ್ಲ.

ಮದುವೆಯ ಉಡುಗೊರೆಗಳ ಪಟ್ಟಿ ಬರೆದು ಸಹಿ ಹಾಕಬೇಕೆಂದು 1985ರ ನಿಯಮವಿದೆ. ಬರೆಯುವವರು ಕಡಿಮೆ. ಮದುವೆಯಾಗಿ ಇಪ್ಪತ್ತು ವರ್ಷವಾಗಿದ್ದರೂ ಈಗ ಬರೆದಿಡಿ: ಯಾವ ಒಡವೆ, ಯಾರು ಕೊಟ್ಟರು, ಎಷ್ಟು ಗ್ರಾಂ. ಒಂದು ಪ್ರತಿ ತವರಿನಲ್ಲಿರಲಿ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಡಿ ಸ್ತ್ರೀಧನ ಹಿಂತಿರುಗಿಸುವಂತೆ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಆಗ ಮೊದಲು ಕೇಳುವುದೇ ಈ ವಿವರ.

ತಾಳಿಯನ್ನೂ ಬರೆಯಬೇಕೇ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದಿರಿ. ಬರೆಯಿರಿ, ತೂಕದ ಸಮೇತ.